ಶೇಂಗಾ ಹಿಟ್ಟು ಹೊತ್ತು ರಾಮದುರ್ಗಕ್ಕೆ

ಧಾರವಾಡದಿಂದ ಬೆಳಗಿನ ಬಸ್ಸು ಹೊರಟಾಗಲೇ ಬಿಸಿಲು ಚುರುಗುಟ್ಟುತ್ತಿತ್ತು. ಮೈಸೂರಿನ ನಮ್ಮ ಪ್ರಯೋಗಾಲಯದ ಹಿಟ್ಟಿನ ಡಬ್ಬಿಗಳು ಬಸ್ಸಿನ ಮೇಲೆ ಕುಣಿಯುತ್ತಿದ್ದವು. ಎಣ್ಣೆ ತೆಗೆದ ಶೇಂಗಾ, ಹುರಿಗಡಲೆ, ಮೊಳಕೆ ಬರಿಸಿದ ಜೋಳ ಸೇರಿಸಿ ಬೀಸಿದ ಹಿಟ್ಟು ಅದು. ಎಪ್ಪತ್ತರ ದಶಕದ ಆ ಬೇಸಿಗೆಯಲ್ಲಿ, ಸೊರಗಿದ ಮಕ್ಕಳಿಗೆ ಅದನ್ನು ತಿನ್ನಿಸಿ ನೋಡುವ ಕೆಲಸ ನನ್ನದು.

ಕಿತ್ತೂರಿನ ಬಾಲವಾಡಿಯಲ್ಲಿ ಮಕ್ಕಳು ಬೆಲ್ಲ ಹಾಕಿದ ಗಂಜಿಯನ್ನು ಬಟ್ಟಲು ನೆಕ್ಕಿ ಕುಡಿದರು. ಬೈಲಹೊಂಗಲದಲ್ಲಿ ಎಣ್ಣೆ ಗಿರಣಿಯ ಮಾಲೀಕರೊಬ್ಬರು ಹಿಟ್ಟು ಮೂಸಿ, "ಇದು ಹಿಂಡಿ ಅಲ್ಲೇನ್ರಿ? ನಮ್ಮ ಕಡೆ ಎಮ್ಮಿಗೆ ಹಾಕ್ತೇವಿ," ಎಂದರು. ಶುದ್ಧ ಮಾಡಿದ್ದೆಂದು ವಿವರಿಸಿದೆ.

ಸವದತ್ತಿಯಲ್ಲಿ ತಂಗಿ, ಮರುದಿನ ರಾಮದುರ್ಗ ಸೇರಿದೆ. ನೇಕಾರರ ಓಣಿಯಲ್ಲಿ ಶಾಂತವ್ವ ಎಂಬಾಕೆ ಮಗಳು ಕಸ್ತೂರಿಯನ್ನು ತೋರಿಸಿದಳು. ಮೂರು ವರ್ಷದ ಕೂಸು. ಪಾದ ಊದಿ, ಕೂದಲು ಕೆಂಚಗಾಗಿತ್ತು. ತಾಯಿ ಬೆರಳಲ್ಲಿ ನಮ್ಮ ಹಿಟ್ಟಿನ ಗಂಜಿ ನೆಕ್ಕಿಸುತ್ತಿರುವಾಗ ಆಕೆಯ ಅತ್ತೆ ಒಳಗಿನಿಂದ ಬಂದರು.

"ಏನು ಹಿಟ್ಟವ್ವಾ ಇದು?"

ಶೇಂಗಾ ಹಿಂಡಿಯನ್ನು ಶುದ್ಧ ಮಾಡಿ ಬೀಸಿದ್ದೆಂದು ಇದ್ದದ್ದನ್ನು ಹೇಳಿದೆ.

"ದನಾ ತಿನ್ನೂದು ನನ್ನ ಮೊಮ್ಮಗಳಿಗೆ ಬ್ಯಾಡ," ಎಂದು ಬಟ್ಟಲು ಸರಿಸಿದರು.

ಸಂಜೆಗೆ ಮಗುವಿಗೆ ಜ್ವರ ಏರಿತು. ಅತ್ತೆ ಹಿಟ್ಟನ್ನೇ ದೂರಿದರು. ನಾನೂ ಶಾಂತವ್ವನೂ ಅವರನ್ನು ಅಂಗಲಾಚಿ ಮಗುವನ್ನು ದವಾಖಾನೆಗೆ ಕರೆದೊಯ್ದೆವು. "ಮೈಯಾಗ ಏನೂ ಉಳದಿಲ್ಲ. ಮೊದಲ ತಿನಿಸಬೇಕಿತ್ತು," ಎಂದರು ಡಾಕ್ಟರು. ಬೆಳಗಾಗುವಷ್ಟರಲ್ಲಿ ಕಸ್ತೂರಿ ಇರಲಿಲ್ಲ. ಮಣ್ಣು ಮಾಡಿ ಬಂದ ಮೇಲೆ ಆ ಮನೆಗೆ ಹೋದೆ. ಯಾರೂ ಕೂಡ್ರಿ ಅನ್ನಲಿಲ್ಲ. ಬಾಗಿಲಲ್ಲೇ ನಿಂತು ಮರಳಿದೆ. ಖಾನಾವಳಿಯಲ್ಲಿ ಬಡಿಸಿದ ರೊಟ್ಟಿ, ಪುಂಡಿಪಲ್ಯ ಹಾಗೇ ಬಿಟ್ಟು ಎದ್ದೆ.

ಉಳಿದ ಡಬ್ಬಿಗಳನ್ನು ಊರಿನ ಬಾಲವಾಡಿಗೆ ಕೊಟ್ಟು, ಎರಡು ದಿನ ಬಿಟ್ಟು ಮರಳಿ ಹೊರಟೆ. ಬಸ್‌ಸ್ಟ್ಯಾಂಡಿಗೆ ಶಾಂತವ್ವ ಬಂದಳು. ಸೊಂಟದ ಮೇಲೆ ಚಿಕ್ಕ ಮಗನಿದ್ದ.

"ಇನ್ನೊಂದು ಡಬ್ಬಿ ಐತೇನ್ರಿ ಅಕ್ಕಾರ? ಇವಗ ಬರೇ ನನ್ನ ಹಾಲು ಸಾಲೂದಿಲ್ಲ."

ನನ್ನಲ್ಲಿ ಒಂದೂ ಇರಲಿಲ್ಲ; ಬಾಲವಾಡಿಗೆ ಕೊಟ್ಟವು ಅಲ್ಲಿನ ಮಕ್ಕಳಿಗೇ ಸಾಲುವಂತಿರಲಿಲ್ಲ.

"ಹಂಗಾರ ಮಾಡೂದು ಹೇಳ್ರಿ. ಮನ್ಯಾಗ ಮಾಡ್ತೇನಿ."

"ಅತ್ತೆ ಬೇಡ ಅಂದರೆ?"

"ಶೇಂಗಾ ಮನ್ಯಾಗ ಹುರದ್ರ ಅತ್ತಿ ಏನೂ ಅನ್ನೂದಿಲ್ರಿ. ಹಿಂಡಿ ಅಂದದ್ದಕ್ಕ ಸಿಟ್ಟಾದ್ರು."

ಜೋಳ ನೆನೆಸಿ, ಮೊಳಕೆ ಬರಿಸಿ, ಒಣಗಿಸಿ ಹುರಿದು, ಶೇಂಗಾ, ಹುರಿಗಡಲೆ ಕೂಡಿಸಿ ಬೀಸುವುದನ್ನು ಹೇಳಿದೆ. ಅವಳು ಒಂದೊಂದನ್ನೂ ತಿರುಗಿ ಒಪ್ಪಿಸಿದಳು. ಅಷ್ಟರಲ್ಲಿ ಬಸ್ಸು ಹೊರಟಿತು. ಅವಳು ಕಿಟಕಿಯ ಜೊತೆ ನಡೆಯುತ್ತ, "ಶೇಂಗಾ ಎಷ್ಟ್ರಿ?" ಎಂದಳು. "ಜೋಳ ಎರಡು ಹಿಡಿ ಇದ್ದರೆ ಒಂದು ಹಿಡಿ" ಎಂದು ಕೂಗಿದೆ. ಎಂಜಿನ್ನಿನ ಸದ್ದಿಗೆ ಕೇಳಿಸಿತೋ ಇಲ್ಲವೋ ಎಂದು ಕೈಯನ್ನೂ ಮುಷ್ಟಿ ಮಾಡಿ ತೋರಿಸಿದೆ. ಧೂಳು ಅಡಗಿದಾಗ ಅವಳು ಮಗುವಿನ ಮುಖ ಸೆರಗಿನಿಂದ ಒರೆಸುತ್ತ ನಿಂತಿದ್ದಳು.