ಹರಿಗೋಲಿಗೆ ಕಟ್ಟಿದ ಗುಂಡುಕಲ್ಲು

ನಾನು ಮಸ್ಕಿಯವಳು. ಬಾವಿ, ಕೆರೆ, ಮಳೆಗಾಲದಲ್ಲಿ ನಾಲ್ಕು ದಿನ ಹರಿದು ಸುಮ್ಮನಾಗುವ ಹಳ್ಳ, ಇಷ್ಟೇ ನಾನು ಕಂಡ ನೀರು. ದಢೇಸುಗೂರಿಗೆ ಸೊಸೆಯಾಗಿ ಬಂದ ದಿನ ತುಂಗಭದ್ರೆಯನ್ನು ನೋಡಿ ದಂಡೆಯಲ್ಲೇ ಕೂತುಬಿಟ್ಟೆ. ದಿಬ್ಬಣದವರು ನಕ್ಕರು. ನಗಲಿ ಬಿಡಿ. ಅಷ್ಟೊಂದು ನೀರು ಯಾರ ಅಪ್ಪಣೆಯೂ ಇಲ್ಲದೆ ಹೋಗುತ್ತಲೇ ಇರುತ್ತದೆ ಎಂಬುದನ್ನು ನಂಬಲು ನನಗೆ ಒಂದು ವರ್ಷ ಹಿಡಿಯಿತು. ಈಚೆ ದಂಡೆ ನಿಜಾಮರದು, ಆಚೆ ದಂಡೆ ಮದ್ರಾಸ್ ಸರಕಾರದ್ದು. ಕಾಲುವೆ ಇನ್ನೂ ಬಂದಿರಲಿಲ್ಲ, ಎರಡೂ ಕಡೆ ಜೋಳದ ಹೊಲಗಳೇ.

ನಮ್ಮದು ಮೀನು ಹಿಡಿಯುವ ಮನೆ. ಅದರಲ್ಲಿ ಇದ್ದವರು ಮೂರೇ ಜನ: ನಾನು, ಗಂಡ, ಮಾವ. ಮಾವನ ಎರಡೂ ಕಣ್ಣಿಗೆ ಪೊರೆ ಬಂದು ಏನೂ ಕಾಣದಾಗಿ ಎರಡು ವರ್ಷವಾಗಿತ್ತು. ಅಂದಿನಿಂದ ಗಂಡ ಅವರನ್ನು ಹರಿಗೋಲು ಹತ್ತಿಸಿರಲಿಲ್ಲ. "ಮನ್ಯಾಗ ಆರಾಮ ಕುಂದ್ರಪಾ, ಹೊಳಿ ಕಣ್ಣಿಲ್ಲದವ್ರಿಗಲ್ಲ" ಎಂದುಬಿಟ್ಟಿದ್ದ. ಅಪ್ಪ ನೀರಿಗೆ ಬಿದ್ದಾನೆಂಬ ಭಯ ಅವನಿಗೆ, ಪ್ರೀತಿಯಿಂದಲೇ ಹೇಳಿದ್ದು, ಇಲ್ಲವೆನ್ನುವುದಿಲ್ಲ. ಆದರೆ ಜೀವಮಾನವೆಲ್ಲ ನೀರಿನ ಮೇಲೆ ಕಳೆದ ಮುದುಕ ಈಗ ಕಟ್ಟೆಯ ಮೇಲೆ ಕೂತು ಬಲೆಯ ಹರಕು ಹೊಲಿಯುತ್ತಿದ್ದರು. ಊಟ ಅರ್ಧ ರೊಟ್ಟಿಗೆ ಇಳಿದಿತ್ತು. ಮಾತು ಅದಕ್ಕಿಂತ ಕಡಿಮೆ. ಹೀಗೇ ಇನ್ನೊಂದು ವರ್ಷ ಕೂತರೆ ಇವರು ನಮಗೆ ಉಳಿಯುವುದಿಲ್ಲ ಎಂದು ನನಗೆ ನಿಜಕ್ಕೂ ಹೆದರಿಕೆಯಾಗುತ್ತಿತ್ತು.

ಆ ಬೇಸಿಗೆಯಲ್ಲಿ ಹೊಳೆ ಇಳಿದು, ದೊಡ್ಡ ಮೀನುಗಳೆಲ್ಲ ಊರ ಕೆಳಗಿನ ಮಡುವಿನ ತಳ ಸೇರಿದ್ದವು. ಬಲೆ ಅಷ್ಟು ಆಳಕ್ಕೆ ಹೋಗದು. ಗಾಳ ಬಿಟ್ಟರೆ, ಹರಿಗೋಲು ಮುಂದಕ್ಕೆ ಸಾಗಿದಂತೆ ದಾರ ಮೇಲಕ್ಕೆ ಎದ್ದುಬಿಡುತ್ತದೆ. ಗಂಡ ಬರಿಗೈಲಿ ಬಂದು ನನ್ನ ಮೇಲೆ ಸಿಡುಕುತ್ತಿದ್ದ, ಮೀನುಗಳಿಗೆ ನಾನೇ ಹೇಳಿಕೊಟ್ಟ ಹಾಗೆ. ಒಂದು ಮಧ್ಯಾಹ್ನ ಕಟ್ಟೆಯ ಮೇಲಿಂದ ಮಾವ ಬಾಯಿ ಬಿಟ್ಟರು.

"ಗಾಳದ ದಾರಕ್ಕ ಭಾರ ಕಟ್ಟಬ್ಯಾಡ. ಭಾರಕ್ಕ ಬ್ಯಾರೇನ ಹಗ್ಗ ಇರ್ಲಿ. ಗಾಳದ ದಾರಾನ ಆ ಹಗ್ಗಕ್ಕ ಒಂದೆಳಿ ಹಸಿನೂಲಿಲೆ ಕಟ್ಟು. ಭಾರ ಗಾಳಾನ ತಳಕ್ಕ ಒಯ್ತೈತಿ. ಮೀನ ಜಗ್ಗಿದ್ರ ನೂಲು ಹರೀತೈತಿ. ಭಾರ ಅದರ ಪಾಡಿಗೆ ಅದು, ಮೀನ ನಿನ್ನ ಕೈಯಾಗ."

ಗಂಡ ಅಪ್ಪನ ಉಪಾಯವನ್ನು ಕರೆದುಕೊಂಡು ಹೋದ, ಅಪ್ಪನನ್ನಲ್ಲ. ಹೊಳೆಯ ಕಲ್ಲುಗಳನ್ನೇ ಭಾರಕ್ಕೆ ಕಟ್ಟಿ, ಮೂರು ದಿನದಲ್ಲಿ ಮೂರು ಕಲ್ಲು, ಮೂರು ಹಗ್ಗ ತಳದ ಬಂಡೆಗಳಿಗೆ ಸಿಕ್ಕಿಸಿ ಕಳೆದುಕೊಂಡು ಬಂದ.

"ತಳ ಕಾಣೂದಿಲ್ಲ, ನಾ ಏನ್ ಮಾಡ್ಲಿ?" ಎಂದ.

"ನನಗ ಗೊತ್ತಾಕ್ಕೈತಿ. ನನ್ನ ಕರ್ಕೊಂಡು ಹೋಗು" ಎಂದರು ಮಾವ.

ಗಂಡ ಮುಖ ಆಚೆ ತಿರುಗಿಸಿದ. ನನಗೆ ತಡೆಯಲಾಗಲಿಲ್ಲ. "ಕಣ್ಣಿದ್ದವ್ರು ಮೂರು ಕಲ್ಲು ಕಳಕೊಂಡು ಬಂದೀರಿ. ಕಣ್ಣಿಲ್ಲದವ್ರು ಒಂದು ಕಳೀಲಿ ಬಿಡ್ರಿ" ಎಂದುಬಿಟ್ಟೆ.

ಅವನು ನನ್ನನ್ನು ಗುರಾಯಿಸಿದ. ಆಮೇಲೆ ಹೇಳಿದ: "ಒಂದು ದಿನ, ಅಷ್ಟ. ಏನರ ಹೆಚ್ಚುಕಮ್ಮಿ ಆತಂದ್ರ ಮತ್ತ ಹೊಳಿ ಹೆಸರು ತೆಗೀಬಾರ್ದು. ನೀನೂ ಬಾ, ಅಪ್ಪನ್ನ ಹಿಡ್ಕೊಂಡು ಕುಂದ್ರು."

"ಆತು" ಎಂದರು ಮಾವ. ಬಲೆ ಹೊಲಿಯುವ ಸೂಜಿ ಅವರ ಕೈಯಿಂದ ಜಾರಿ ಬಿತ್ತು. ಹುಡುಕಿ ಕೊಟ್ಟೆ.

ಭಾರ ಆರಿಸುವ ಕೆಲಸ ಅಂಗಳದಲ್ಲೇ ನಡೆಯಿತು. ಗಂಡ ಲಿಂಗಸುಗೂರಿನ ಬಜಾರದಿಂದ ಕಬ್ಬಿಣದ ತೂಕದ ಗುಂಡು ತಂದಿದ್ದ. ಅದನ್ನು ಹಗ್ಗಕ್ಕೆ ಕಟ್ಟಿ ಸಾರಿಸಿದ ನೆಲ, ಹಾಸುಗಲ್ಲು, ಬೂದಿಗುಂಡಿ, ಉಸುಕು ಎಲ್ಲದರ ಮೇಲೂ ಎಳೆಯಲು ಮಾವ ನನಗೆ ಹೇಳಿದರು. ತಾವು ಹಗ್ಗವನ್ನು ತೋರುಬೆರಳ ಮೇಲೆ ಹಾಯಿಸಿಕೊಂಡು ತಲೆ ಬಗ್ಗಿಸಿ ಕೂತರು. "ಇದರ ಅಂಚು ಚೂಪೈತಿ, ಎಲ್ಲಾದಕ್ಕೂ ಕಚ್ಚತೈತಿ. ಬೇಕಾರ್" ಎಂದರು. ಹೊಳೆಯ ಕಲ್ಲು ಉರುಳಿ ಹಗ್ಗವನ್ನು ಹುರಿಗೊಳಿಸಿತು. ಅದೂ ಬೇಡವಾಯಿತು. ಕೊನೆಗೆ ಮೆಲ್ಲಗೆ ಕೇಳಿದರು: "ಚಟ್ನಿ ಅರಿಯೋ ಗುಂಡುಕಲ್ಲು ಐತಲ್ಲವ್ವ?"

ಅದು ನನ್ನ ತವರಿನದು. ಮದುವೆಯಲ್ಲಿ ಅವ್ವ ಕೊಟ್ಟದ್ದು. ಚಿಕ್ಕ ಗುಂಡು, ಅರೆದು ಅರೆದು ಬುಡ ನುಣುಪಾಗಿತ್ತು, ತಲೆಯಲ್ಲಿ ಹಿಡಿಕೆ ಸಿಕ್ಕಿಸಲು ಅಡ್ಡಲಾಗಿ ಆಚೀಚೆ ಹಾದುಹೋಗುವ ತೂತು. ಮೈಯೆಲ್ಲ ಉರಿದುಹೋಯಿತು ನನಗೆ. "ನಾಳಿ ಚಟ್ನಿ ಹೊಳ್ಯಾಗ ಅರೀಬೇಕೇನು?" ಎಂದೆ. ಮಾವ ಕೈ ಚಾಚಿಕೊಂಡೇ ಇದ್ದರು. ಒಳಗೆ ಹೋಗಿ ತಂದುಕೊಟ್ಟೆ.

ಹಗ್ಗ ಅದರ ತೂತಿಗೆ ಹೇಳಿ ಮಾಡಿಸಿದಂತೆ ಕೂತಿತು. ಮಾವ ನನ್ನನ್ನು ಕಟ್ಟೆಯ ಮೇಲೆ ಕೂರಿಸಿ, ಕಣ್ಣು ಮುಚ್ಚಿಸಿ, ಹಗ್ಗವನ್ನು ನನ್ನ ಬೆರಳ ಮೇಲಿಟ್ಟು ತಾವೇ ಕಲ್ಲನ್ನು ಎಳೆದುಕೊಂಡು ಅಂಗಳದಲ್ಲಿ ಓಡಾಡಿದರು. ಮೊದಲು ಏನೂ ತಿಳಿಯಲಿಲ್ಲ. ಸ್ವಲ್ಪ ಹೊತ್ತಿಗೆ ಹಾಸುಗಲ್ಲಿನ ಸಣ್ಣ ನಡುಕ ಬೆರಳಿಗೆ ಬಂತು. ಉಸುಕಿನದು ಬೇರೆ, ಮೆತ್ತಗೆ ಜರುಗುವಂಥದು. ಬೂದಿಯಲ್ಲಿ ಹಗ್ಗ ಸತ್ತಂತಾಯಿತು. ಎರಡು ವರ್ಷದಿಂದ ದಿನಾ ಗುಡಿಸಿದ ಅಂಗಳ ನನಗೆ ಗೊತ್ತೇ ಇರಲಿಲ್ಲ ಅನ್ನಿಸಿ ಬೆರಗಾದೆ.

ಕಟ್ಟುವ ಕೆಲಸ ಗಂಡನದು. ಜಾಲಿಯ ಕವಲು ಕಡಿದು, ನಡುವೆ ಹಗ್ಗ ಹಾಯಲು ಬಾವಿಯ ರಾಟೆಯಂಥ ಮರದ ಚಿಕ್ಕ ಗಡಗಡಿ ಸಿಕ್ಕಿಸಿ, ಹರಿಗೋಲಿನ ಬಿದಿರಿನ ಅಂಚಿಗೆ ಬಿಗಿದ. ಪುಂಡಿನಾರಿನ ಹಗ್ಗಕ್ಕೆ ಮಾರಿಗೊಂದು ಗಂಟು ಹಾಕಿದ. ಎಲ್ಲ ಮಜಬೂತಾಗಿತ್ತು. ಆದರೆ ಕೈಗೆಟುಕಲಿ ಎಂದು ತನ್ನ ಬಲಮಗ್ಗುಲಿಗೆ ಕಟ್ಟಿಕೊಂಡಿದ್ದ. ದಂಡೆಯ ಹತ್ತಿರ ಕಲ್ಲು ಇಳಿಬಿಟ್ಟು ಹುಟ್ಟು ಹಾಕಿದ್ದೇ ತಡ, ಹರಿಗೋಲು ವಾಲಿ, ನೀರು ಕುಡಿದು, ಗಿರಗಿರ ತಿರುಗತೊಡಗಿತು. ಅವನ ಬೈಗುಳ ಕೇಳಿಸಿ ದಂಡೆಯ ಮೇಲೆ ಮಾವ ನಕ್ಕರು. ಆ ಮನೆಗೆ ಬಂದಮೇಲೆ ನಾನು ಅವರ ನಗು ಕೇಳಿದ್ದು ಅದೇ ಮೊದಲು.

"ಮಗ್ಗಲಕ್ಕ ಕಟ್ಟಿದ್ರ ತಿರಗದ ಏನ್ ಮಾಡತೈತಿ? ನೀ ಮುಂದ ಕುಂತು ಹುಟ್ಟು ಹಾಕಾಂವ. ಕಲ್ಲು ಬರಾಬರ್ ನಿನ್ನ ಬೆನ್ನ ಹಿಂದ ಇರ್ಲಿ."

ಗಂಡ ಮುಖ ಗಂಟಿಕ್ಕಿಕೊಂಡೇ ಕವಲನ್ನು ಬಿಚ್ಚಿ ಬೆನ್ನ ಹಿಂದಕ್ಕೆ ಕಟ್ಟಿದ. ಈಗ ಅವನು ಮುಂದಿನಿಂದ ಎಳೆದರೆ ಕಲ್ಲು ಹಿಂದಿನಿಂದ ಜಗ್ಗಿ ಹಿಡಿಯುತ್ತಿತ್ತು. ಹುಟ್ಟು ಹಾಕಿದಾಗಲೆಲ್ಲ ಅರ್ಧ ಸುತ್ತು ತಿರುಗುತ್ತಿದ್ದ ಆ ದುಂಡನೆಯ ಬುಟ್ಟಿ, ಹಿಂದು ಮುಂದು ತಿಳಿದದ್ದರಂತೆ ನೆಟ್ಟಗೆ ಹೊರಟಿತು. ನಾನು ಬಾಯಿ ತೆರೆದುಕೊಂಡು ನೋಡಿದೆ.

ಮರುದಿನ ಬೆಳಿಗ್ಗೆ ಮೂವರೂ ಮಡುವಿಗೆ ಹೋದೆವು. ನೀರು ಕಪ್ಪಗೆ, ಅಲುಗಾಡದೆ ಬಿದ್ದಿತ್ತು. ಗಂಡ ಗಾಳದ ದಾರವನ್ನು ಕಲ್ಲಿನ ಹಗ್ಗಕ್ಕೆ ಒಂದೆಳೆ ಹಸಿನೂಲಿನಿಂದ ಕಟ್ಟಿದ. ಮಾವ ನನ್ನ ಪಕ್ಕ ಕೂತು ಹಗ್ಗದ ಮೇಲೆ ಬೆರಳಿಟ್ಟು "ಬಿಡು" ಎಂದರು. ಒಂದು ಗಂಟು, ಎರಡು, ಮೂರು. ನಮ್ಮ ಮಸ್ಕಿಯ ಬಾವಿಯಾಗಿದ್ದರೆ ತಳ ಎಂದೋ ಸಿಗುತ್ತಿತ್ತು. ಏಳನೆಯ ಗಂಟಿಗೆ ಹಗ್ಗ ಸಡಿಲಾಯಿತು.

"ಉಸುಕು" ಎಂದರು. ಸ್ವಲ್ಪ ಮುಂದೆ "ಹಾಸುಬಂಡಿ" ಎಂದರು. ನಾನೂ ಅವರ ಬೆರಳ ಪಕ್ಕದಲ್ಲಿ ನನ್ನದನ್ನಿಟ್ಟೆ. ಬಂತು, ಅಂಗಳದ ಅದೇ ಸಣ್ಣ ನಡುಕ. ಏಳು ಮಾರು ಕೆಳಗೆ, ಯಾವ ಮನುಷ್ಯನೂ ಕಾಲಿಡದ ಕಡೆ, ಒಂದು ನೆಲವಿತ್ತು. ಅದಕ್ಕೆ ಏರು ಇತ್ತು, ತಗ್ಗು ಇತ್ತು, ಮೆಟ್ಟಿಲಿನಂಥ ಕಲ್ಲಿತ್ತು, ಮತ್ತು ಅದೆಲ್ಲ ನನ್ನ ಬೆರಳ ತುದಿಗೆ ಬರುತ್ತಿತ್ತು. ಕಣ್ಣಲ್ಲಿ ನೀರು ಬಂತು, ಯಾಕೆಂದು ಈಗಲೂ ಹೇಳಲಾರೆ. ಕೈ ಮುಗಿಯಬೇಕೆನಿಸಿತು, ಆದರೆ ಹಗ್ಗ ಬಿಡುವಂತಿರಲಿಲ್ಲ.

"ಹರಳು ಬಂದ್ವು. ಎತ್ತವ್ವ, ಜಲ್ದಿ, ಎರಡು ಗಂಟು! ಹರಳು ಬಂದ್ರ ಬಂಡಿ ದೂರಿಲ್ಲ."

ಎತ್ತಿದೆ. ಅಷ್ಟರಲ್ಲೇ ಕಲ್ಲು ಯಾವುದೋ ಬಂಡೆಯ ನೆತ್ತಿಯನ್ನು ಸವರಿಕೊಂಡು ಪಾರಾಯಿತು. ಹಾಗೆ ಐದಾರು ಸಲ ಎತ್ತಿದೆವು, ಇಳಿಸಿದೆವು. ಒಮ್ಮೆಯೂ ಸಿಕ್ಕಿಹಾಕಿಕೊಳ್ಳಲಿಲ್ಲ. ಮುಂದೆ ಕೂತ ಗಂಡ ಹುಟ್ಟು ಹಾಕುತ್ತಲೇ ಇದ್ದ.

ನೂಲು ಹರಿದದ್ದು ಮಾವನ ಬೆರಳಿಗೆ ಮೊದಲು ತಿಳಿಯಿತು. "ಹಿಡೀತು!" ಎಂದು ಕೂಗಿದರು. ಗಂಡ ಹುಟ್ಟು ಬಿಟ್ಟು ಗಾಳದ ದಾರಕ್ಕೆ ಕೈ ಹಾಕಿದ. ಎಳೆದ, ಬಿಟ್ಟ, ಮತ್ತೆ ಎಳೆದ. ಕೊನೆಗೆ ನನ್ನ ತೊಡೆಯೆತ್ತರದ ಬಾಳೆಮೀನು ಹರಿಗೋಲೊಳಗೆ ಬಿದ್ದು ನಮ್ಮೆಲ್ಲರ ಮೇಲೆ ನೀರು ಚೆಲ್ಲಿತು. ಅದರ ಬಾಯಿ ನೋಡಿ ನಾನು ಕಾಲು ಮಡಚಿಕೊಂಡೆ.

ಈ ಗದ್ದಲದಲ್ಲಿ ಹರಿಗೋಲು ಎತ್ತಲೋ ತೇಲಿಹೋಗಿತ್ತು. ಗಂಡ ಹುಟ್ಟು ತೆಗೆದುಕೊಂಡು ನೀರಿಗಿಟ್ಟ. ಇಟ್ಟವನು ಎಳೆಯಲಿಲ್ಲ. ಅವನ ಎದುರಿಗೆ ಬಿಸಿಲಿಗೆ ಹೊಳೆಯುವ ನೀರು, ಅದರ ಕೆಳಗೆ ಎಲ್ಲೆಲ್ಲಿ ಬಂಡೆ ಇದೆಯೋ ಅವನಿಗೆ ತಿಳಿಯದು.

"ಅಪ್ಪಾ, ಎಡಕ್ಕೋ ಬಲಕ್ಕೋ?" ಎಂದ, ತಿರುಗದೆಯೇ.

ಮಾವ ಉತ್ತರ ಕೊಡಲಿಲ್ಲ. ಹಗ್ಗದ ಮೇಲೆ ಬೆರಳಿಟ್ಟು ಸುಮ್ಮನೆ ಕೂತರು. ಕೇಳಿಸಲಿಲ್ಲವೇನೋ ಎಂದು ನಾನು ಅವರ ಮೊಣಕೈ ಮುಟ್ಟಿದೆ.

ಈ ಸಲ ಗಂಡ ಪೂರಾ ಹಿಂದಕ್ಕೆ ತಿರುಗಿದ. "ಅಪ್ಪಾ, ನಿನ್ನ ಕೇಳಾಕತ್ತೀನಿ. ಎತ್ತಾಗ ಹೋಗ್ಲಿ ಹೇಳು."

ಅವರಿಗೆ ಮೊದಲ ಸಲವೇ ಕೇಳಿಸಿತ್ತು. ಇನ್ನೊಮ್ಮೆ ಕೇಳಬೇಕೆನಿಸಿತ್ತು, ಅಷ್ಟೇ. ಗಂಟಲು ಸರಿಮಾಡಿಕೊಂಡು, "ಬಲಕ್ಕ" ಎಂದರು.