ಎಡಗಡೆ ಸೀಟಿನ ಈರಣ್ಣ

ಮುಂಬಯಿಯ ಫೋರ್ಟಿನಲ್ಲಿ ಅಣ್ಣು ಶೆಟ್ಟರ ಹೋಟೆಲಿನ ಎದುರು ಆ ಕಾರನ್ನು ಬೇರೆ ಯಾರೋ ಒರೆಸುತ್ತಿದ್ದುದನ್ನು ಕಂಡ ದಿನ ಈರಣ್ಣ ತನ್ನ ಬ್ರೆಡ್ಡಿನ ವ್ಯಾನನ್ನು ನಡುರಸ್ತೆಯಲ್ಲೇ ನಿಲ್ಲಿಸಿಬಿಟ್ಟ. ಹಿಂದಿನಿಂದ ಕುದುರೆಗಾಡಿಯವನು ಬೈದ, ಟ್ಯಾಕ್ಸಿಯವನು ಹಾರ್ನು ಹೊಡೆದ. ಯಾವುದೂ ಅವನ ಕಿವಿಗೆ ಬೀಳಲಿಲ್ಲ. ಒರೆಸುತ್ತಿದ್ದವನು ಮುಂದಿನ ದೀಪದ ಹಿತ್ತಾಳೆಯ ಅಂಚಿಗೆ ಬಾಯಿಂದ ಹಬೆ ಊದಿ, ಅಂಗಿಯ ತೋಳಿನಿಂದಲೇ ತಿಕ್ಕಿದ. ಎಷ್ಟೋ ವರ್ಷ ಆ ಕೆಲಸ ಈರಣ್ಣನದಾಗಿತ್ತು.

ಬಿಜಾಪುರದ ಕಡೆಯಿಂದ ಮೀಸೆ ಮೂಡುವ ವಯಸ್ಸಿಗೆ ಮುಂಬಯಿಗೆ ಬಂದ ಈರಣ್ಣ, ಜಾಲಭಾಯಿ ಎಂಬ ಪಾರ್ಸಿ ಸಾಹೇಬರ ಮನೆಯಲ್ಲಿ ಆ ಕಾರು ತೊಳೆಯುವ ಕೆಲಸಕ್ಕೆ ಸೇರಿದ್ದ. ತೊಳೆಯುತ್ತ ತೊಳೆಯುತ್ತ ಡ್ರೈವರನಾದ. ಇಪ್ಪತ್ತಾರನೇ ಇಸವಿಯ ವಿಲಾಯತಿ ಗಾಡಿ ಅದು. ಕ್ಯಾನ್ವಾಸಿನ ಮಡಚುವ ಛಾವಣಿ, ಮರದ ಕಡ್ಡಿಗಳ ಚಕ್ರ, ಒತ್ತಿದರೆ ಬಾತುಕೋಳಿಯ ಹಾಗೆ ಕೂಗುವ ಹಾರ್ನು. ಸಾಹೇಬರು ತೀರಿಕೊಂಡ ಮೇಲೆ ಅವರ ಹೆಂಡತಿ ಮಗಳ ಮನೆ ಸೇರಿದರು, ಕಾರು ಅಣ್ಣು ಶೆಟ್ಟರ ಪಾಲಾಯಿತು. ಈರಣ್ಣ ಶೆಟ್ಟರನ್ನು ಹುಡುಕಿಕೊಂಡು ಹೋಗಿ, ಕಾರಿನ ಜೊತೆಗೆ ತನ್ನನ್ನೂ ಇಟ್ಟುಕೊಳ್ಳಿ ಎಂದು ಕೇಳಿದ್ದ.

"ನನ್ನಲ್ಲಿ ದೂಜ ಇದ್ದಾನಲ್ಲ ಮಾರಾಯ," ಎಂದಿದ್ದರು ಶೆಟ್ಟರು. "ಅವನನ್ನು ಬಿಡಿಸಲಿಕ್ಕೆ ಆಗ್ತದಾ?"

ದೂಜ ಮಂಗಳೂರಿನ ಕಡೆಯ ಕ್ರೈಸ್ತರವನು. ಹೋಟೆಲಿನ ತರಕಾರಿ, ಅಕ್ಕಿ ತರುವ ಗಾಡಿ ಓಡಿಸಿಕೊಂಡಿದ್ದ. ಈರಣ್ಣ ಕುರ್ಲಾದ ಒಂದು ಬೇಕರಿಯ ವ್ಯಾನಿಗೆ ಸೇರಿಕೊಂಡ. ದೂಜನನ್ನು ಅವನು ಮೊದಲು ಕಣ್ಣಾರೆ ಕಂಡದ್ದು ಕಾರು ಒರೆಸುತ್ತಿದ್ದ ಆ ದಿನವೇ.

ಸಂಜೆ ಕುರ್ಲಾದ ಚಾಳಿನ ಮನೆಗೆ ಬಂದು ಊಟಕ್ಕೆ ಕುಳಿತವನು ರೊಟ್ಟಿ ಮುರಿದು ಮುರಿದು ತಟ್ಟೆಯಲ್ಲೇ ಇಟ್ಟ. ಹೆಂಡತಿ ರುದ್ರವ್ವ ಕೆದಕಿ ಕೆದಕಿ ಕೇಳಿದ ಮೇಲೆ ಹೇಳಿದ. ಸಾಹೇಬರ ಕಾಲದಲ್ಲಿ ಗಂಡ ರವಿವಾರವೂ ಆ ಕಾರಿನ ಕೆಳಗೇ ಮಲಗಿರುತ್ತಿದ್ದುದನ್ನು ನೋಡಿ ನೋಡಿ ಬೇಸತ್ತವಳು ಅವಳು. ಅದಕ್ಕೆ ಸವತಿ ಎಂದೇ ಹೆಸರಿಟ್ಟಿದ್ದಳು.

"ಅಂದ್ರ ನನ್ನ ಸವತಿಗೆ ಉಡಕಿ ಆತು ಅನ್ನರಿ," ಎಂದು ನಕ್ಕಳು. "ಹೊಸ ಗಂಡ ಹ್ಯಾಂಗದಾನ?"

ಈರಣ್ಣ ತಟ್ಟೆ ಸರಿಸಿ ಎದ್ದುಹೋದ.

ಆಮೇಲೆ ಫೋರ್ಟಿಗೆ ಬ್ರೆಡ್ಡು ಹಾಕಲು ಹೋದಾಗಲೆಲ್ಲ ಅವನ ಕಣ್ಣು ಆ ಕಾರನ್ನೇ ಹುಡುಕುತ್ತಿತ್ತು. ಮಡ್‌ಗಾರ್ಡಿನ ಮೇಲೆ ಒಂದು ಗೀರು ಕಂಡರೆ ಒಳಗೊಳಗೇ ಖುಷಿ. ಥಳಥಳ ಹೊಳೆಯುತ್ತಿದ್ದರೆ ಇಡೀ ದಿನ ಮೈಮೇಲೆ ಕೆಂಡ ಸುರಿದಂತೆ. ಒಂದು ಸಲವಂತೂ ದೂಜ ಹೋಟೆಲಿನೊಳಗೆ ಚಹಾ ಕುಡಿಯುತ್ತಿದ್ದಾಗ ಹತ್ತಿರ ಹೋಗಿ, ಬಾನೆಟ್ಟಿನ ಮೇಲೆ ಅಂಗೈ ಇಟ್ಟು ನಿಂತ. ಬೆಚ್ಚಗಿತ್ತು. ಯಾರೋ ನೋಡಿದರೆಂದು ಕಳ್ಳನಂತೆ ಸರಿದುಹೋದ.

ಮಳೆಗಾಲ ಮುಗಿದ ಮೇಲೆ ಶೆಟ್ಟರೇ ಬೇಕರಿಯ ಬಾಗಿಲಿಗೆ ಬಂದರು. ಅವರ ಹೆಂಡತಿ ಶೀಲಾವತಿಯ ತಮ್ಮನಿಗೆ ಉಡುಪಿಯಲ್ಲಿ ಮದುವೆ. ಆಕೆಗೆ ಹಡಗು ಹತ್ತಿದರೆ ವಾಂತಿ ನಿಲ್ಲುತ್ತಿರಲಿಲ್ಲ. ರೈಲಿನಲ್ಲಿ ಸುತ್ತಿ ಬಳಸಿ ಹೋಗಲು ಶೆಟ್ಟರಿಗೆ ಮನಸ್ಸಿಲ್ಲ. ತವರಿನ ಅಂಗಳಕ್ಕೆ ಹೆಂಡತಿಯನ್ನು ಸ್ವಂತ ಕಾರಿನಲ್ಲಿ ಇಳಿಸಬೇಕೆಂಬ ಆಸೆಯೂ ಇತ್ತು.

"ಹಳೇ ಗಾಡಿ, ದೂರದ ದಾರಿ. ದೂಜನ ಪಕ್ಕದಲ್ಲಿ ನೀನೂ ಬಾ. ಅದರ ಗುಣ ಎಲ್ಲ ನಿನಗೆ ಗೊತ್ತುಂಟಲ್ಲ, ಅವನಿಗೆ ಹೇಳಿಕೊಡು."

ಪಕ್ಕದಲ್ಲಿ ಎಂಬ ಮಾತು ಮುಳ್ಳಿನಂತೆ ಚುಚ್ಚಿತು. ಆದರೂ ಈರಣ್ಣ ರಜೆ ಹಾಕಿದ.

ಹೊರಡುವ ಮೊದಲು ಇಬ್ಬರೂ ಕೆಲವು ದಿನ ಸಂಜೆ ಕೂಡಿದರು. ದೂಜ ಈರಣ್ಣನಿಗಿಂತ ಚಿಕ್ಕವನು, ಮೆದು ಮಾತಿನವನು. "ನೀವು ಹೇಳಿ ಈರಣ್ಣ, ನಾನು ಹಾಗೇ ಮಾಡ್ತೇನೆ," ಎನ್ನುತ್ತಿದ್ದ. ಈರಣ್ಣ ಹೇಳಿದ. ಚಳಿಯಲ್ಲಿ ಎಂಜಿನ್ನು ಹೇಗೆ ಎಬ್ಬಿಸಬೇಕು, ನೀರು ಎಲ್ಲಿ ಸೋರುತ್ತದೆ, ಮೂರನೇ ಗೇರು ಯಾಕೆ ಮುನಿಸಿಕೊಳ್ಳುತ್ತದೆ ಎಲ್ಲವನ್ನೂ ಹೇಳಿದ. ಒಂದನ್ನು ಮಾತ್ರ ಹೇಳಲಿಲ್ಲ. ಉದ್ದನೆಯ ಇಳಿಜಾರಿನಲ್ಲಿ ಆ ಗಾಡಿಯ ಕಾಲಿನ ಬ್ರೇಕನ್ನು ನಂಬುವ ಹಾಗಿಲ್ಲ. ಅದು ಕಾದು ಸಡಿಲಾಗುತ್ತದೆ. ಘಾಟಿನ ತಲೆಯ ಮೇಲೆಯೇ ನಿಲ್ಲಿಸಿ ಎರಡನೇ ಗೇರಿಗೆ ಹಾಕಿಕೊಂಡು, ಕೈಬ್ರೇಕನ್ನು ಆಗಾಗ ಎಳೆಯುತ್ತ ಇಳಿಯಬೇಕು. ನಡುವೆ ವೇಗ ಬಂದ ಮೇಲೆ ಆ ಗೇರು ಬೀಳುವುದಿಲ್ಲ.

ಹೇಳಬೇಕೆಂದು ಬಾಯಿ ತೆರೆದಿದ್ದ. ಆಗ ದೂಜ ಸ್ಟೇರಿಂಗಿನ ಮೇಲೆ ಕೈ ಆಡಿಸುತ್ತ, "ಎಷ್ಟು ಚಂದದ ಗಾಡಿ," ಎಂದ. ಈರಣ್ಣ ಬಾಯಿ ಮುಚ್ಚಿಕೊಂಡ.

ಹೊರಟ ದಿನ ಬೆಳಿಗ್ಗೆ ಕಾರು ಸಾಯನ್ ದಾಟಿ ಕುರ್ಲಾಕ್ಕೆ ಬಂದಾಗ ಚಾಳಿನ ಮಂದಿಯೆಲ್ಲ ರಸ್ತೆಗೆ ಬಂದು ನಿಂತಿದ್ದರು. ರುದ್ರವ್ವ ಮುಂದೆಯೇ ಇದ್ದಳು. ಎಷ್ಟೋ ವರ್ಷ ಬಲಗಡೆ ಕುಳಿತು ಆ ದಾರಿಯಲ್ಲಿ ಹಾರ್ನು ಒತ್ತಿದವನು ಈಗ ಎಡಗಡೆ ಸೀಟಿನಲ್ಲಿ ಬುತ್ತಿಯ ಗಂಟು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದ. ಯಾರೋ ಕೈ ಬೀಸಿದರು. ಈರಣ್ಣ ಕಾಣದವನಂತೆ ಎದುರಿನ ಗಾಜನ್ನೇ ನೋಡಿದ. ಭಾಂಡುಪ್ ದಾಟಿ, ಠಾಣೆಯ ಸೇತುವೆ ದಾಟುವವರೆಗೂ ಬುತ್ತಿಯ ಗಂಟನ್ನು ಬಿಚ್ಚಿ ಕಟ್ಟುತ್ತ ಕುಳಿತ.

ಅವನಿಗೆ ಒಂದು ಆಸೆ ಉಳಿದಿತ್ತು. ಖಂಡಾಲೆಯ ಘಾಟು. ತನ್ನ ಕೈಯಲ್ಲಿ ಆ ಗಾಡಿ ಅಲ್ಲಿ ಎಂದೂ ನೀರು ಕುದಿಸದೆ ಹತ್ತಿರಲಿಲ್ಲ. ದಾರಿಯ ನಡುವೆ ಹಬೆ ಬುಸುಗುಟ್ಟುವುದು, ತಾನು ಇಳಿದು ಚಕ್ರಕ್ಕೆ ಕಲ್ಲು ಕೊಡುವುದು, ನೀರು ಹನಿಸುವುದು, ಸಾಹೇಬರು ಮರದ ನೆರಳಿನಲ್ಲಿ ಕೂರುವುದು, ಇದೇ ಅಲ್ಲಿನ ಪದ್ಧತಿ. ದೂಜನ ಮುಖ ಅಲ್ಲಿ ಕೆಂಪಾಗುವುದನ್ನು ನೋಡಬೇಕೆಂದು ಕಾದು ಕುಳಿತ.

ದೂಜ ಅವಸರ ಮಾಡಲಿಲ್ಲ. ಕೆಳಗಿನ ಗೇರಿಗೆ ಹಾಕಿ, ಎಂಜಿನ್ನಿಗೆ ಉಸಿರು ಕಟ್ಟದಂತೆ, ಎತ್ತಿನ ಜೊತೆ ನಡೆಯುವವನ ಹಾಗೆ ಹತ್ತಿಸಿದ. ಲಾರಿಗಳು ಮುಂದೆ ಹೋದವು, ಅವನು ಹೋಗಗೊಟ್ಟ. ಒಂದೊಂದು ತಿರುವಿನಲ್ಲೂ ಈರಣ್ಣ ರೇಡಿಯೇಟರಿನ ಮುಚ್ಚಳವನ್ನೇ ದಿಟ್ಟಿಸಿದ. ಹಬೆಯ ಒಂದು ಎಳೆಯೂ ಏಳಲಿಲ್ಲ. ಎಂಜಿನ್ನು ಈರಣ್ಣ ಎಂದೂ ಕೇಳದ ಒಂದು ಮೆತ್ತನೆಯ ದನಿಯಲ್ಲಿ ಗುನುಗುತ್ತ ಘಾಟಿನ ತಲೆಯನ್ನು ಮುಟ್ಟಿತು.

ಹಿಂದಿನ ಸೀಟಿನಿಂದ ಶೀಲಾವತಿ, "ದೂಜ ಬಿಡುವಾಗ ತೊಟ್ಟಿಲಲ್ಲಿ ಕೂತ ಹಾಗೆ ಆಗ್ತದೆ," ಎಂದರು.

ಅಷ್ಟು ವರ್ಷ ತನ್ನ ಬಳಿ ಇದ್ದ ಗಾಡಿ ತನಗೆ ಒಮ್ಮೆಯೂ ಹೀಗೆ ಹಾಡಿರಲಿಲ್ಲ. ಈರಣ್ಣನ ಎದೆಯಲ್ಲಿ ಉರಿದದ್ದು ಬರಿಯ ಸಿಟ್ಟಲ್ಲ. ಪುಣೆಯಲ್ಲಿ ಶೆಟ್ಟರ ನೆಂಟರ ಹೋಟೆಲಿನಲ್ಲಿ ಉಳಿದಾಗ ದೂಜ ಅವನಿಗೆಂದೇ ಚಹಾ ತಂದು ಕೊಟ್ಟ. ಈರಣ್ಣ ಅದನ್ನು ತಣ್ಣಗಾಗಲು ಬಿಟ್ಟು ಚೆಲ್ಲಿದ.

ಮರುದಿನ ಸಾತಾರದ ದಾರಿಯಲ್ಲಿ ಖಂಬಾಟಕಿ ಘಾಟು. ಅದನ್ನು ಹತ್ತಿದ ಮೇಲೆ ಆಚೆಗೆ ಉದ್ದನೆಯ ಇಳಿಜಾರು, ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಕಣಿವೆ. ಮೇಲೆ ಮುಟ್ಟುವ ಹೊತ್ತಿಗೆ ಈರಣ್ಣ ಸೀಟಿನ ಅಂಚಿಗೆ ಸರಿದಿದ್ದ. ಈಗ ಹೇಳಬೇಕು. ಹೇಳಿದರೆ ಇದನ್ನೂ ದೂಜ ಕಲಿತುಬಿಡುತ್ತಾನೆ. ಆಮೇಲೆ ಆ ಗಾಡಿಯಲ್ಲಿ ತನ್ನದೆಂಬುದು ಏನೂ ಉಳಿಯುವುದಿಲ್ಲ. ಹಿಂದೆ ಶೀಲಾವತಿ ಮದುವೆಗೆ ಒಯ್ಯುವ ಸೀರೆಗಳ ಮಾತಾಡುತ್ತಿದ್ದರು, ಶೆಟ್ಟರು ಹೂಂಗುಡುತ್ತಿದ್ದರು. ಎದುರು ಕೆಳಗೆ ಕಬ್ಬು ಹೇರಿದ ಎತ್ತಿನ ಗಾಡಿಗಳ ಸಾಲು ಇರುವೆಗಳ ಹಾಗೆ ಹತ್ತಿ ಬರುತ್ತಿತ್ತು.

ಆ ಎತ್ತುಗಳನ್ನು ನೋಡಿದ ಮೇಲೆ ಅವನಿಂದ ತಡೆಯಲಾಗಲಿಲ್ಲ.

"ನಿಲ್ಸು," ಎಂದ. ದೂಜನ ಕಿವಿಯ ಕಡೆ ಬಾಗಿದ. "ದೂಜ, ಇಲ್ಲೇ ನಿಲ್ಸು. ಈ ಬ್ರೇಕು ಇಳಿಜಾರಿನ್ಯಾಗ ಹಿಡಿಯೂದಿಲ್ಲ. ಎರಡನೇ ಗೇರಿಗೆ ಹಾಕ್ಕೊಂಡ ಇಳೀಬೇಕು. ಕೈಬ್ರೇಕ್ ಎಳೀತಿರಬೇಕು."

ದೂಜ ಕಾರನ್ನು ಗುಡ್ಡದ ಬದಿಗೆ ಒತ್ತಿ ನಿಲ್ಲಿಸಿದ. ಶೆಟ್ಟರು ಏನೆಂದು ಕೇಳಿದ್ದಕ್ಕೆ, ಎಂಜಿನ್ನು ತಣಿಯಲಿ ಎಂದ. ಶೆಟ್ಟರೂ ಶೀಲಾವತಿಯೂ ಕಣಿವೆ ನೋಡಲು ಇಳಿದು ಹೋದ ಮೇಲೆ ಈರಣ್ಣನ ಕಡೆ ತಿರುಗಿದ.

"ಗೊತ್ತುಂಟು," ಎಂದ ಮೆಲ್ಲಗೆ. "ಮಲಬಾರ್ ಹಿಲ್ ಇಳಿಸುವಾಗಲೇ ಗೊತ್ತಾಗಿತ್ತು. ಎಷ್ಟು ಬಿಗಿ ಮಾಡಿದ್ರೂ ಅದು ಅಷ್ಟೇ. ಇಲ್ಲಿ ಗೇರು ಬದಲಿಸಬೇಕು ಅಂತ ಮೊದಲೇ ಅಂದುಕೊಂಡಿದ್ದೆ."

"ಮತ್ಯಾಕ ಸುಮ್ಮನಿದ್ದಿ?"

"ನೀವು ಹೇಳ್ತೀರಾ ಅಂತ ನೋಡ್ತಾ ಇದ್ದೆ."

 ಈರಣ್ಣ ಬಾಗಿಲು ತೆರೆದು ಇಳಿದು ಚಕ್ರದ ಪಕ್ಕ ಕುಕ್ಕುರುಗಾಲಿನಲ್ಲಿ ಕುಳಿತ. ದೂಜನೂ ಇಳಿದು ಬಂದ. ಬೀಡಿ ಹಚ್ಚಿ ಒಂದನ್ನು ಅವನಿಗೆ ಕೊಟ್ಟ.

"ನನಗ ನಿನ್ನ ಕಂಡ್ರ ಆಗಂಗಿಲ್ಲ," ಎಂದ ಈರಣ್ಣ, ನೆಲ ನೋಡುತ್ತ. "ನಿನ್ನೆ ಆ ಘಾಟು ಹತ್ತಿಸಿದಿ ನೋಡು, ಆವಾಗಿಂದ ಜಾಸ್ತಿ."

"ನನಗೂ ಗೊತ್ತಾಗ್ತದೆ. ಚಹಾ ಚೆಲ್ಲಿದ್ದು ಕಂಡೆ." ದೂಜ ಬೀಡಿಯ ಬೂದಿ ಕೊಡವಿದ. "ಇಳಿಜಾರು ನೀವು ಬಿಡಿ. ನಾನು ಸ್ವಲ್ಪ ಕಣ್ಣು ಮುಚ್ತೇನೆ. ನಿನ್ನೆ ನಿದ್ದೆ ಆಗ್ಲಿಲ್ಲ."

ಈರಣ್ಣ ಬಲಗಡೆ ಹತ್ತಿ ಕುಳಿತ. ಸ್ಟೇರಿಂಗು ಕೈಗೆ ಬಂದಾಗ ಕಣ್ಣು ಮಂಜಾಯಿತು. ಎರಡನೇ ಗೇರಿನಲ್ಲಿ, ಕೈಬ್ರೇಕು ಎಳೆಯುತ್ತ ಬಿಡುತ್ತ, ಕಬ್ಬಿನ ಗಾಡಿಗಳಿಗೆ ದಾರಿ ಕೊಡುತ್ತ ಇಳಿಸಿದ. ಕಾರು ಅವನ ಮಾತು ಕೇಳಿತು. ಆದರೆ ಪಕ್ಕಕ್ಕೆ ನೋಡಿದರೆ ದೂಜ ನಿಜಕ್ಕೂ ನಿದ್ದೆ ಹೋಗಿದ್ದ. ತಲೆ ಒಂದು ಕಡೆ ವಾಲಿತ್ತು, ಬಾಯಿ ಸ್ವಲ್ಪ ತೆರೆದಿತ್ತು. ತನ್ನ ಸುಪರ್ದಿಯ ಗಾಡಿಯನ್ನು, ತನ್ನ ಮೇಲೆ ಹೊಟ್ಟೆಕಿಚ್ಚು ಪಡುವವನ ಕೈಗೇ ಕೊಟ್ಟು, ಕಣಿವೆಯ ಅಂಚಿನಲ್ಲಿ ಒಬ್ಬ ಮನುಷ್ಯ ಹೀಗೆ ಮಲಗಬಲ್ಲ. ತನ್ನಿಂದ ಅದು ಈ ಜನ್ಮದಲ್ಲಿ ಆಗುವುದಿಲ್ಲವೆಂದು ಈರಣ್ಣನಿಗೆ ಸ್ಪಷ್ಟವಾಗಿ ತಿಳಿಯಿತು. ಖಂಡಾಲೆಯಲ್ಲಿ ಉರಿದದ್ದಕ್ಕಿಂತ ಇದು ಆಳದಲ್ಲಿ ಉರಿಯಿತು.

ಕೊಲ್ಲಾಪುರದವರೆಗೆ ಅವನೇ ಓಡಿಸಿದ. ಅಲ್ಲಿ ದೂಜ ಎಬ್ಬಿಸದೆಯೇ ಎದ್ದ. ಇಬ್ಬರೂ ಬದಲಾಯಿಸಿಕೊಳ್ಳುತ್ತ ಯಲ್ಲಾಪುರದ ಕಾಡು ದಾಟಿ, ನದಿಗಳಲ್ಲಿ ಕಾರನ್ನು ಜೋಡುದೋಣಿಗಳ ಮೇಲೆ ಹತ್ತಿಸಿ ಇಳಿಸಿ ಉಡುಪಿ ಮುಟ್ಟಿಸಿದರು. ಶೀಲಾವತಿ ತವರಿನ ಅಂಗಳದಲ್ಲಿ ಇಳಿದಾಗ ಮದುವೆಯ ಮಂದಿ ವರನನ್ನು ಬಿಟ್ಟು ಕಾರಿನ ಸುತ್ತ ನೆರೆದರು. ಶೆಟ್ಟರು ಎಲ್ಲರಿಗೂ ದೂಜನನ್ನೇ ತೋರಿಸಿ ಹೊಗಳಿದರು. ದೂಜ ಮಾತ್ರ, "ಈರಣ್ಣ ಇಲ್ಲದಿದ್ರೆ ಘಾಟು ಇಳೀತಿರಲಿಲ್ಲ," ಎಂದ. ಅದು ಸುಳ್ಳೆಂದು ಅಲ್ಲಿ ಗೊತ್ತಿದ್ದದ್ದು ಇಬ್ಬರಿಗೇ.

ಎರಡು ವರ್ಷದ ನಂತರ ದೂಜನಿಗೆ ಹಡಗಿನ ಕಂಪನಿಯಲ್ಲಿ ಕೆಲಸ ಸಿಕ್ಕಿತು. ಹೋಗುವಾಗ ಈರಣ್ಣನನ್ನು ಕರೆಸಿಕೊಳ್ಳಿ ಎಂದು ಶೆಟ್ಟರಿಗೆ ಅವನೇ ಹೇಳಿ ಹೋದ. ಈರಣ್ಣ ಬೇಕರಿ ಬಿಟ್ಟು ಬಂದು ಆ ಕಾರನ್ನು ಬಹಳ ಕಾಲ ಓಡಿಸಿದ. ಬಿಡಿ ಭಾಗಗಳು ಸಿಗದೆ ಅದು ಶೆಟ್ಟರ ಗೋದಾಮು ಸೇರುವವರೆಗೂ ಅದರ ಮೈಯಲ್ಲಿ ಧೂಳು ಕೂರಗೊಡಲಿಲ್ಲ. ಇಷ್ಟು ಹಳೆಯ ಗಾಡಿಯನ್ನು ಇಷ್ಟು ಚೆನ್ನಾಗಿ ಓಡಿಸುತ್ತೀಯಲ್ಲ ಎಂದು ಯಾರಾದರೂ ಬೆರಗಾದರೆ, "ನನಗಿಂತ ಛಲೋ ಓಡಸಾಂವ ಒಬ್ಬ ಇದ್ದ," ಎಂದು ದೂಜನ ಹೆಸರು ಹೇಳುತ್ತಿದ್ದ. ಹೇಳದೆ ಇರಲು ಅವನಿಂದ ಆಗುತ್ತಿರಲಿಲ್ಲ. ಹೇಳಿದ ಮೇಲೆ ಆ ದಿನವೆಲ್ಲ ಮುಖ ಸಿಂಡರಿಸಿಕೊಂಡೇ ಇರುತ್ತಿದ್ದ.