ಕೈಗುಣ ಕೆಟ್ಟವಳು ಬರೆದ ಒಂದು ಸಾಲು

ಮೊನ್ನೆ ಅಂಗಳದ ಶಹಾಬಾದ ಫರಶಿಗೆ ನೀರು ಹೊಡೆದೆ. ಕಾದ ಕಲ್ಲಿನಿಂದ ಎದ್ದ ವಾಸನೆಗೆ ಕಂಪ್ಯೂಟರ್ ಕ್ಲಾಸಿನ ಮಾಸ್ತರರು ನೆನಪಾದರು. ಪ್ರೀತಿಯಿಂದಲ್ಲ... ಅವರನ್ನು ನೆನೆದರೆ ಇಂದಿಗೂ ನನ್ನ ಮೈ ಉರಿಯುತ್ತದೆ.

ಚಿತ್ತಾಪುರದಲ್ಲಿ ಅವರ ಕ್ಲಾಸು. ಬೇಸಿಗೆಯಲ್ಲಿ ನೆಲಕ್ಕೆ ನೀರು ಹೊಡೆದೇ ಪಾಠ ಶುರು ಮಾಡುತ್ತಿದ್ದರು. ಒಂದು ದಿನ ನಮ್ಮೆಲ್ಲರ ಪರೀಕ್ಷೆಯ ಕೆಲಸವಿದ್ದ ಪೆನ್‌ಡ್ರೈವ್ ಕೊಟ್ಟು, ಕಂಪ್ಯೂಟರಿಗೆ ಹಚ್ಚು ಎಂದರು. ಹಚ್ಚಿದೆ. ಕಂಪ್ಯೂಟರ್ ನಿಂತುಹೋಯಿತು. "ಈಕಿ ಕೈಗುಣಾನೇ ಖರಾಬ ಅದ," ಎಂದು ಎಲ್ಲರೆದುರು ಹೇಳಿ ಪೆನ್‌ಡ್ರೈವನ್ನು ಮೂಲೆಗೆ ಬಿಸಾಡಿದರು. ನಾನು ಎತ್ತಿಟ್ಟುಕೊಂಡೆ.

ಮಾತು ನನಗಿಂತ ಮೊದಲೇ ಮನೆ ಸೇರಿತ್ತು. ನನ್ನನ್ನು ಸಾಕಿದ ದೊಡ್ಡವ್ವ ಅಂದಿನಿಂದ ಉಪ್ಪಿನಕಾಯಿ ಭರಣಿ ಮುಟ್ಟಗೊಡಲಿಲ್ಲ. ಹಾಲಿಗೆ ಹೆಪ್ಪು ಹಾಕಲೂ ತಂಗಿಯನ್ನೇ ಕರೆಯುತ್ತಿದ್ದಳು. ಬೈದಿದ್ದರೆ ಸಹಿಸುತ್ತಿದ್ದೆ, ಆಕೆ ಮರುಕಪಡುತ್ತಿದ್ದಳು. ಮಾಸ್ತರರ ಬಾಯಿಂದಲೇ ಆ ಮಾತು ವಾಪಸು ತೆಗೆಸುತ್ತೇನೆ ಎಂದು ಹಟ ಹಿಡಿದೆ.

ಮುಂದೆ ಸಿಕ್ಕ ಕೆಲಸವೂ ಅಂಥದ್ದೇ. ನೆಟ್ಟಗೆ ನಡೆಯದ ಪೆನ್‌ಡ್ರೈವ್‌ಗಳ ಜೊತೆ ಕಂಪ್ಯೂಟರ್ ಹೊಂದಿಕೊಂಡು ಹೋಗುವಂತೆ ಡ್ರೈವರ್ ಎಂಬ ತಂತ್ರಾಂಶವನ್ನು ತಿದ್ದುವುದು. ಮೊದಲು ನಾನು ಎತ್ತಿಟ್ಟುಕೊಂಡಿದ್ದ ಆ ಹಳೆಯದನ್ನೇ ಪರೀಕ್ಷಿಸಿದೆ. ಶುದ್ಧ ಸುಳ್ಳುಬುರುಕ ಅದು. ತನ್ನಲ್ಲಿರುವುದಕ್ಕಿಂತ ಒಂದು ಖಾನೆ ಹೆಚ್ಚಿದೆ ಎನ್ನುತ್ತಿತ್ತು. ಕಂಪ್ಯೂಟರ್ ನಂಬಿ ಆ ಇಲ್ಲದ ಖಾನೆಯನ್ನು ಕೇಳಿದರೆ ಪಿಟ್ಟೆನ್ನದೆ ಕೂತುಬಿಡುತ್ತಿತ್ತು. ಇದು ಹೇಳಿದ ಲೆಕ್ಕದಲ್ಲಿ ಒಂದನ್ನು ಕಳೆ ಎಂದು ಡ್ರೈವರಿನಲ್ಲಿ ಒಂದೇ ಸಾಲು ಸೇರಿಸಿದೆ. ತೆರೆದುಕೊಂಡಿತು. ಎಲ್ಲರ ಪರೀಕ್ಷೆಯ ಕೆಲಸವೂ ಅಲ್ಲೇ ಇತ್ತು.

ಲ್ಯಾಪ್‌ಟಾಪ್ ಹಿಡಿದು ವಾಡಿಗೆ ಹೋದೆ. ಮಾಸ್ತರರು ಅಲ್ಲಿ ಝೆರಾಕ್ಸ್ ಅಂಗಡಿ ಇಟ್ಟಿದ್ದರು. ತೋರಿಸಿದೆ. ನೋಡಿ, "ನನಗ ಅವತ್ತೇ ಗೊತ್ತಿತ್ತವ್ವಾ. ಮುಂಜಾನಿ ನಾ ಹಚ್ಚಿದಾಗೂ ಕಂಪ್ಯೂಟರ್ ಹಂಗೇ ನಿಂತಿತ್ತು," ಎಂದರು.

ಗೊತ್ತಿದ್ದೇ ನನ್ನ ಕೈಗೆ ಕೊಟ್ಟಿದ್ದರು... ಎಲ್ಲರ ಕೆಲಸ ಹಾಳಾದದ್ದನ್ನು ಯಾರ ತಲೆಗಾದರೂ ಕಟ್ಟಬೇಕಿತ್ತು, ನಾನು ಸಿಕ್ಕೆ.

ಇದನ್ನು ನಮ್ಮ ದೊಡ್ಡವ್ವನಿಗೆ ಹೇಳಬೇಕು ಎಂದೆ. ಬರುವ ಐತವಾರವೇ ಬಂದು, ಕೈ ಮುಗಿದು ಹೇಳುತ್ತೇನೆ ಎಂದು ಒಪ್ಪಿಕೊಂಡರು. ಅವರ ಮುಖ ಹಗುರಾಗುವ ತನಕ ಕಾದೆ. ಆಮೇಲೆ ಹೇಳಿದೆ: "ಆಕಿ ಹೋಗಿ ಮೂರು ವರ್ಷ ಆತ್ರಿ, ಸರ್."

ಮತ್ತೆ ಅವರು ತಲೆ ಎತ್ತಲಿಲ್ಲ. ನನಗೆ ಅದು ಸಾಲಲಿಲ್ಲ.

ಕಳೆದ ತಿಂಗಳು ಮಾಸ್ತರರೂ ಹೋದರು. ನಾನು ಮಣ್ಣು ಕೊಡಲು ಹೋಗಲಿಲ್ಲ. ಕಲಿಸಿದವರು, ಹೋಗಬೇಕಿತ್ತು ಎಂದು ತಂಗಿ ಅಂದಳು. ಹೇಗೆ ಹೋಗಲಿ? ದೊಡ್ಡವ್ವನ ಕೊನೆಯ ದಿನಗಳಲ್ಲಿ ಗುಳಿಗೆ, ನೀರು ಹಿಡಿದು ನಾನು ಮಂಚದ ಹತ್ತಿರ ನಿಂತರೆ, ಆಕೆ ನನ್ನ ಕೆನ್ನೆ ಸವರಿ, ತಂಗಿಯನ್ನು ಕರೆಯುತ್ತಿದ್ದಳು.